ಸ್ಟ್ಯಾಂಡ್ ಎತ್ತಿ ಕಟ್ಟಿ

ಕೇಳುಗರಿಗೆ ನಮಸ್ಕಾರ.

ಮೈಸೂರು ಆಕಾಶವಾಣಿ ಇರುವುದು ಯಾದವಗಿರಿಯಲ್ಲಿ. ಜಾವಾ, ಯೆಜ್ಡಿ ಬೈಕು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದೂ ಇದೇ ಯಾದವಗಿರಿಯಲ್ಲಿ. 1961ರಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬೈಕುಗಳು ಮಾತ್ರ ಇನ್ನೂ ಬದುಕಿವೆ. ಮಂಡ್ಯ, ಪಾಂಡವಪುರದ ಕಡೆ ಹುಡುಕಿದರೆ ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದ ಜಾವಾನೋ ಯೆಜ್ಡಿನೋ ಈಗಲೂ ಸಿಗುತ್ತದೆ. ಜುಲೈ ತಿಂಗಳ ಎರಡನೇ ಭಾನುವಾರ ಈ ಬೈಕು ಪ್ರಿಯರು ಆಚರಿಸುವ ಜಾವಾ ದಿನ. ಅದು ಹತ್ತಿರ ಬಂದಂತೆ ಓಡದ ಗಾಡಿಗಳೆಲ್ಲ ಪಿಕಪ್ ಏರಿ ಮೈಸೂರಿನ ಮೆಕ್ಯಾನಿಕ್‌ಗಳನ್ನು ಹುಡುಕಿಕೊಂಡು ಬರುತ್ತವೆ. ಕೆಲವನ್ನು ಕಟ್ಟಿರುವ ರೀತಿ ನೋಡಿದರೆ ನನ್ನ ಎದೆ ಝಲ್ಲೆನ್ನುತ್ತದೆ. ಯಾಕೆಂದರೆ ನಾನೂ ಹಾಗೇ ಕಟ್ಟಿ ಪೆಟ್ಟು ತಿಂದವನು.

ಅಪ್ಪನ ಯೆಜ್ಡಿಯನ್ನು ಊರಿಂದ ತರುತ್ತಿದ್ದೆವು. ಸೈಡ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲಿಂದ ತೆಂಗಿನ ನಾರಿನ ಹಗ್ಗ ಬಿಗಿದು ಡ್ರೈವರ್ ಕೈ ಕೊಡವಿಕೊಂಡ. 'ಸಾಕಾ?' ಅಂದೆ. 'ಏನೂ ಆಗಲ್ಲ ಬುಡಿ ಸಾ' ಅಂದ. ಶ್ರೀರಂಗಪಟ್ಟಣ ಇನ್ನೂ ಮುಂದಿತ್ತು. ಒಂದು ಹಂಪ್ ಹಾರಿದ್ದೇ ತಡ, ಹಿಂದೆ ಟಣ್ ಅಂತ ಸದ್ದು. ಸ್ಟ್ಯಾಂಡು ಬಾಗಿ, ಗಾಡಿ ಪಕ್ಕದ ಕಬ್ಬಿಣಕ್ಕೆ ಒರಗಿಕೊಂಡಿತ್ತು. ಟ್ಯಾಂಕಿನಲ್ಲಿ ಅಂಗೈ ಅಗಲದ ಗುಳಿ. ಅಪ್ಪ ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಗುಳಿ ಬಿದ್ದ ಜಾಗವನ್ನೇ ಒರೆಸುತ್ತಾ ನಿಂತರು. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಹಗ್ಗದ್ದಷ್ಟೇ ಅಲ್ಲ, ಸ್ಟ್ಯಾಂಡಿನದು. ಸ್ಟ್ಯಾಂಡ್ ಇರುವುದು ನಿಂತ ನೆಲದ ಮೇಲೆ ನಿಂತ ಗಾಡಿಗೆ. ಪಿಕಪ್ಪಿನ ನೆಲ ಕುಣಿಯುತ್ತದೆ. ನೂರಮೂವತ್ತು ನೂರನಲವತ್ತು ಕಿಲೋ ತೂಕ ಪ್ರತಿ ಗುಂಡಿಗೂ ಒಂದು ಸಣ್ಣ ಬೋಲ್ಟಿನ ಮೇಲೆ ಬಂದು ಬೀಳುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೂ ಅಷ್ಟೇ, ಬ್ರೇಕ್ ಒತ್ತಿದರೆ ಗಾಡಿ ಮುಂದಕ್ಕೆ ಜಾರಿ ಸ್ಟ್ಯಾಂಡಿನಿಂದ ಇಳಿದೇಬಿಡುತ್ತದೆ. ಸ್ಟ್ಯಾಂಡ್ ಎತ್ತಿ, ಎರಡೂ ಚಕ್ರದ ಮೇಲೆ ನಿಲ್ಲಿಸಿ ಕಟ್ಟಿ. ಆಗ ಏಟನ್ನು ಟೈರು ಮತ್ತು ಸ್ಪ್ರಿಂಗು ತಿನ್ನುತ್ತವೆ. ಅವು ಇರುವುದೇ ಅದಕ್ಕೆ ಅಲ್ವಾ?

ಹತ್ತಿಸುವಾಗ ಪಿಕಪ್ಪಿನ ಹಿಂಭಾಗವನ್ನು ಯಾವುದಾದರೂ ದಿಬ್ಬಕ್ಕೋ ಗದ್ದೆ ಬದುವಿಗೋ ತಾಗಿಸಿ. ಹಲಗೆಯ ಏರು ಅರ್ಧ ಇಳಿಯುತ್ತದೆ. ಹಳೆ ಜಾವಾದ ಉದ್ದ ಸುಮಾರು ಆರೂವರೆ ಅಡಿ, ಟಾಟಾ ಏಸ್ ಡೆಕ್ ಏಳು ಅಡಿ ಚಿಲ್ಲರೆ. ನೇರ ನಿಲ್ಲಿಸಿದರೂ ಹಿಂದಿನ ಡೋರ್ ಮುಚ್ಚುತ್ತದೆ. ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಗೇರಿಗೆ ಹಾಕಿ, ಕನ್ನಡಿ ಬಿಚ್ಚಿಡಿ.

ಈಗ ಕಟ್ಟುವುದು. ಮುಂದಿನ ಚಕ್ರ ಕ್ಯಾಬಿನ್ ಹಿಂದಿನ ತಡಿಕೆಗೆ ನೇರವಾಗಿ ಒತ್ತಿ ನಿಲ್ಲಬೇಕು. ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟ್ ನಾಲ್ಕು ಬೇಕು. ಮುಂದಿನ ಎರಡನ್ನು ಹ್ಯಾಂಡಲ್ ಗ್ರಿಪ್ಪಿಗೆ ಹಾಕಬೇಡಿ, ಜಾರುತ್ತವೆ. ಹ್ಯಾಂಡಲ್ ಕೆಳಗೆ ಎರಡು ಫೋರ್ಕನ್ನೂ, ಅಂದರೆ ಮುಂದಿನ ಚಕ್ರದ ಎರಡು ಸ್ಪ್ರಿಂಗ್ ಕಾಲನ್ನೂ, ಹಿಡಿದಿರುವ ದಪ್ಪ ಕಬ್ಬಿಣ ಇದೆಯಲ್ಲ, ಬೆಲ್ಟ್ ಅಲ್ಲಿಗೆ ಹೋಗಬೇಕು. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು, ಮುಂದಕ್ಕೆ ಓರೆಯಾಗಿ ಕೆಳಗೆ. ಬಣ್ಣಕ್ಕೆ ತಾಗುವಲ್ಲಿ ಹಳೆ ಸೈಕಲ್ ಟ್ಯೂಬ್ ಸುತ್ತಿ. ಪಿಕಪ್ಪಿನ ಕೊಕ್ಕೆಗಳು ಹೊರಗಡೆ ಇದ್ದರೆ ಬೆಲ್ಟ್ ಡೋರಿನ ಅಂಚಿನ ಮೇಲೆ ಹಾದುಹೋಗುತ್ತದೆ. ಅಲ್ಲೊಂದು ಗೋಣಿ ತುಂಡು ಇಡದಿದ್ದರೆ ಆ ಅಂಚು ಗರಗಸದ ಕೆಲಸ ಮಾಡುತ್ತದೆ.

ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಫೋರ್ಕ್ ಅರ್ಧದಷ್ಟು ಕೆಳಗಿಳಿದರೆ ಸಾಕು. ಪೂರ್ತಿ ಅದುಮಿದರೆ ಸ್ಪ್ರಿಂಗು ಇದ್ದೂ ಇಲ್ಲದಂತೆ, ಆಯಿಲ್ ಸೀಲಿಗೂ ಕಷ್ಟ. ಕಡಿಮೆ ಅದುಮಿದರೆ ಗುಂಡಿಗೆ ಬಿದ್ದಾಗ ಫೋರ್ಕ್ ಇನ್ನಷ್ಟು ಇಳಿದು, ಬೆಲ್ಟ್ ಒಂದು ಕ್ಷಣ ಸಡಿಲವಾಗಿ, ಕೊಕ್ಕೆ ಕಳಚಿಕೊಳ್ಳುತ್ತದೆ. ಅನಾಹುತ ಆಗುವುದು ಜಾಸ್ತಿ ಹೀಗೇ. ಹಿಂದಿನ ಎರಡು ಬೆಲ್ಟಿಗೆ ಅಷ್ಟು ಬಿಗಿ ಬೇಡ. ಬಾಲ ಅಲ್ಲಾಡದಿದ್ದರೆ ಸಾಕು.

ಬೆಲ್ಟ್ ಇಲ್ಲ, ಹಗ್ಗವೇ ಗತಿ ಅಂದರೆ ನೈಲಾನ್ ಹಗ್ಗಕ್ಕೆ ಲಾರಿಯವರು ಎಳೆದು ಬಿಗಿಯುವ ಜಗ್ಗುಗಂಟು ಹಾಕಿಸಿ. ರಬ್ಬರ್ ಹಗ್ಗ ಹೆಲ್ಮೆಟ್ ಕಟ್ಟಲು ಸರಿ, ಬೈಕಿಗಲ್ಲ.

ಕಬ್ಬಿನ ಗಾಡಿ ಕಟ್ಟಿದವರಿಗೆ ಇದು ಹೇಳಬೇಕಿಲ್ಲ: ಒಂದೆರಡು ಮೈಲಿ ಹೋದರೆ ಹೊರೆ ಕೂರುತ್ತದೆ, ಹಗ್ಗ ಸಡಿಲಾಗುತ್ತದೆ. ಬೈಕೂ ಹಾಗೇ. ಹತ್ತು ಕಿಲೋಮೀಟರ್ ಆದಮೇಲೆ ಟೀ ನೆಪದಲ್ಲಾದರೂ ನಿಲ್ಲಿಸಿ, ನಾಲ್ಕೂ ಬೆಲ್ಟ್ ಮುಟ್ಟಿ ನೋಡಿ.

ಒಂದು ತಮಾಷೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು ಬರುವಂತಿಲ್ಲ. ಸರ್ವಿಸ್ ರಸ್ತೆಯೇ ಗತಿ. ಪಿಕಪ್ ಏರಿದ ಕೆಟ್ಟ ಬೈಕು ಮಾತ್ರ ಅದೇ ಮುಖ್ಯ ರಸ್ತೆಯಲ್ಲಿ ದೊರೆಯಂತೆ ಹೋಗುತ್ತದೆ.

ಇಳಿಸುವಾಗ ಮೊದಲು ಹಿಂದಿನ ಬೆಲ್ಟ್ ಬಿಚ್ಚಿ. ಮುಂದಿನದನ್ನು ಬಿಚ್ಚುವ ಮುಂಚೆ ಒಬ್ಬರು ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿರಲಿ. ಅದುಮಿಟ್ಟ ಫೋರ್ಕು ಒಮ್ಮೆಲೇ ಮೇಲೇಳುತ್ತದೆ. ಗಲ್ಲ ಹತ್ತಿರ ಇಟ್ಟುಕೊಳ್ಳಬೇಡಿ.

ನಮಸ್ಕಾರ.