ಬಯೋಡೀಸೆಲ್ ಸೋಸುವ ರೆಸಿನ್: ಲ್ಯಾಬಿನಲ್ಲಿ ನೋಡಬೇಕಾದ್ದೇನು?

ಕೇಳುಗರಿಗೆ ನಮಸ್ಕಾರ. ಹೊಂಗೆ ಎಣ್ಣೆಯಿಂದಲೋ, ಕರಿದು ಉಳಿದ ಎಣ್ಣೆಯಿಂದಲೋ ಬಯೋಡೀಸೆಲ್ ಮಾಡುವುದು ಈಗ ಹೊಸ ಮಾತಲ್ಲ. ಮೆಥನಾಲ್, ಕಾಸ್ಟಿಕ್ ಪೊಟ್ಯಾಷ್ (ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಸೇರಿಸಿ ಬಿಸಿ ಮಾಡಿದರೆ ಗ್ಲಿಸರಿನ್ ಕೆಳಗೆ ಕೂರುತ್ತದೆ, ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಮೇಲಿನ ಪದರದಲ್ಲಿ ಸೋಪು, ಮೆಥನಾಲ್, ಚೂರುಪಾರು ಗ್ಲಿಸರಿನ್ ಉಳಿದೇ ಇರುತ್ತವೆ. ನೀರು ಹಾಕಿ ತೊಳೆಯಬಹುದು, ಆದರೆ ಸೋಪು ಜಾಸ್ತಿ ಇದ್ದಾಗ ಜೋರಾಗಿ ಕಲಕಿದರೆ ಎಲ್ಲ ಮಜ್ಜಿಗೆಯಂತೆ ಬೆಳ್ಳಗಾಗಿ ಗಂಟೆಗಟ್ಟಲೆ ಕಾದರೂ ಬೇರೆಯಾಗುವುದಿಲ್ಲ, ಮತ್ತೆ ಆ ಕೊಳಕು ನೀರನ್ನು ಎಲ್ಲಿ ಚೆಲ್ಲುವುದು ಅನ್ನುವ ಪಜೀತಿ ಬೇರೆ.

ಅದಕ್ಕೇ ರೆಸಿನ್. ಆಂಬರ್‌ಲೈಟ್ ಬಿಡಿ10 ಡ್ರೈ, ಪ್ಯುರೋಲೈಟ್ ಪಿಡಿ206 ಹೀಗೆ ಹಲವು ಹೆಸರಲ್ಲಿ ಬರುವ ಸಣ್ಣ ಗುಂಡು ಕಾಳುಗಳು, ನೀರಿಲ್ಲದೆಯೇ ಈ ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಲ್ಯಾಬಿನಲ್ಲಿ ಗಾಜಿನ ಕೊಳವೆಗೆ ತುಂಬಿ, ಮೇಲಿಂದ ನಿಧಾನವಾಗಿ ಬಯೋಡೀಸೆಲ್ ಬಿಡಬೇಕು. ಕೊಳವೆಯನ್ನು ಕಂಠಮಟ್ಟ ತುಂಬಬೇಡಿ! ಮೆಥನಾಲ್, ಗ್ಲಿಸರಿನ್ ಹೀರಿದ ಕಾಳು ಉಬ್ಬುತ್ತದೆ, ಜಾಗ ಇಲ್ಲದಿದ್ದರೆ ಗಾಜು ಒಡೆದೀತು.

ಹೊರಬಂದದ್ದು ತಿಳಿಯಾಗಿ ಕಂಡರೆ ಸಾಕು ಅಂತ ಸುಮ್ನೆ ನಂಬುವವರೇ ಜಾಸ್ತಿ. ಕಣ್ಣಿಗೆ ಸೋಪು ಕಾಣುವುದಿಲ್ಲ. 10 ಗ್ರಾಂ ಮಾದರಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕರಗಿಸಿ, ಬ್ರೋಮೊಫಿನಾಲ್ ಬ್ಲೂ ಅನ್ನುವ ಬಣ್ಣ ಬದಲಿಸುವ ಸೂಚಕ ಹಾಕಿ, 0.01 ನಾರ್ಮಲ್, ಅಂದರೆ ತೀರಾ ತೆಳುವಾದ, ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಹನಿಹನಿಯಾಗಿ ಬಿಡಿ. ನೀಲಿ ಹೋಗಿ ಹಳದಿ ಬರಲು 1 ಮಿಲಿಲೀಟರ್ ಹಿಡಿದರೆ, ಸುಮಾರು 320 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 320 ಪಾಲು, ಪೊಟ್ಯಾಷ್ ಸೋಪು ಇದೆ ಅಂತ ಲೆಕ್ಕ. ಇದನ್ನು ಒಳಹೋಗುವ ಬಯೋಡೀಸೆಲ್‌ಗೂ ಮಾಡಿ, ಹೊರಬರುವುದಕ್ಕೂ ಆಗಾಗ ಮಾಡಿ. ಹೊರಗಿನ ಅಂಕಿ ಏರತೊಡಗಿದರೆ ಕಾಳಿನ ಕಸುವು ಮುಗಿಯುತ್ತಾ ಬಂತು ಅಂತ ಅರ್ಥ.

ಇನ್ನೊಂದು ಕಿತಾಪತಿ ಇದೆ. ರೆಸಿನ್ ಸೋಪಿನ ಪೊಟ್ಯಾಸಿಯಂ ಹಿಡಿದಿಟ್ಟುಕೊಂಡು ಹೈಡ್ರೋಜನ್ ಕೊಡುತ್ತದೆ. ಆಗ ಸೋಪು ಮಾಯ, ಆದರೆ ಅದರ ಕೊಬ್ಬಿನ ಆಮ್ಲ ಬಯೋಡೀಸೆಲ್‌ನಲ್ಲೇ ಉಳಿಯುತ್ತದೆ! ನಮ್ಮ ದೇಶದ ಬಯೋಡೀಸೆಲ್ ಮಾನದಂಡ ಐಎಸ್ 15607 ಪ್ರಕಾರ ಆಸಿಡ್ ವ್ಯಾಲ್ಯೂ, ಅಂದರೆ ಒಂದು ಗ್ರಾಂ ಬಯೋಡೀಸೆಲ್‌ನ ಆಮ್ಲ ತಣಿಸಲು ಬೇಕಾದ ಕಾಸ್ಟಿಕ್ ಪೊಟ್ಯಾಷ್, 0.50 ಮಿಲಿಗ್ರಾಂ ದಾಟಬಾರದು. 3000 ಪಿಪಿಎಂ ಸೋಪಿರುವ ಬಯೋಡೀಸೆಲ್ಲನ್ನು ರೆಸಿನ್ ಮೂಲಕ ಬಿಟ್ಟರೆ ಅದರಿಂದಲೇ ಸುಮಾರು 0.52 ಸೇರುತ್ತದೆ. ಶುದ್ಧ ಮಾಡಲು ಹೋಗಿ ಫೇಲ್ ಆದಂತಾಯಿತು, ಅಲ್ವಾ? ಹಾಗಾಗಿ ರೆಸಿನ್‌ಗೆ ಬಿಡುವ ಮೊದಲೇ ಸೋಪು ಇಳಿಸಿಕೊಳ್ಳುವುದು ಒಳ್ಳೆಯದು.

ಗ್ಲಿಸರಿನ್ ಕಥೆ ಬೇರೆ. ಅದು ಕಾಳಿಗೆ ಅಂಟಿಕೊಳ್ಳುತ್ತದೆ ಅಷ್ಟೆ, ಮೆಥನಾಲ್ ಹರಿಸಿದರೆ ಬಿಡುತ್ತದೆ, ಕಾಳು ಮತ್ತೆ ಕೆಲಸಕ್ಕೆ ಬರುತ್ತದೆ. ಸೋಪಿನಿಂದ ಹಿಡಿದ ಪೊಟ್ಯಾಸಿಯಂ ಮಾತ್ರ ಮೆಥನಾಲಿಗೆ ಜಗ್ಗುವುದಿಲ್ಲ, ಅದಕ್ಕೆ ಆಸಿಡ್ಡೇ ಬೇಕು. ಒಂದು ಕಿಲೋ ರೆಸಿನ್‌ಗೆ ಇಷ್ಟು ಲೀಟರ್ ಅಂತ ಮಾರುವವರು ಹೇಳುವ ಅಂಕಿ ಅವರ ಬಯೋಡೀಸೆಲ್‌ನ ಲೆಕ್ಕ. ಕೊಳ್ಳುವ ಮೊದಲು ನಿಮ್ಮ ಬಯೋಡೀಸೆಲ್ಲನ್ನೇ ಒಂದು ಪುಟ್ಟ ಕೊಳವೆಯಲ್ಲಿ ಬಿಟ್ಟು ನೋಡಿ. ನಮಸ್ಕಾರ.