ಕವರತ್ತಿಯಲ್ಲಿ ನೆಲಕ್ಕಿಳಿಯದ ಇಲಿ

ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ನಾನು ಹಡಗು ಇಳಿದದ್ದು, ದ್ವೀಪಕ್ಕೆ ಬರುವ ಪರವಾನಗಿ ತೋರಿಸಿದ್ದು ಎಲ್ಲವನ್ನೂ ಈ ವಿಡಿಯೊದ ಮೊದಲ ಭಾಗದಲ್ಲಿ ನೀವೇ ನೋಡಿದಿರಿ, ಅದನ್ನು ಬಿಡುತ್ತೇನೆ. ನಮ್ಮ ಪುತ್ತೂರಿನ ಮನೆಯ ಬಾವಿಯ ಪಕ್ಕ ಎರಡು ಚಂದ್ರಕಲ್ಪ ತೆಂಗಿನ ಮರಗಳಿವೆ. ಲಕ್ಷದ್ವೀಪದ ಸಾಮಾನ್ಯ ತಳಿಯಿಂದ ಆರಿಸಿ 1985ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಅದರ ತವರು ನೋಡಬೇಕೆಂದೇ ಇಲ್ಲಿಗೆ ಬಂದೆ. ಕೃಷಿ ವಿಜ್ಞಾನ ಕೇಂದ್ರಕ್ಕೆ ಹೊರಟವಳು ದಾರಿಯಲ್ಲಿ ಈ ತೋಟದಲ್ಲೇ ನಿಂತುಬಿಟ್ಟೆ. ಕಾರಣ ನೆಲದ ಮೇಲೆ ಬಿದ್ದಿದೆ.

ಇವೆಲ್ಲ ಎಳೆಯ ಬೊಂಡ. ತೊಟ್ಟಿನ ಬಳಿ ತೂತು ನೋಡಿ. ಬೆಳಗಿನಿಂದ ನಾನೊಬ್ಬಳೇ ಹೆಕ್ಕಿದ್ದು 37. ಎಲ್ಲವೂ ಇಲಿ ಕೊರೆದು ಉರುಳಿಸಿದ್ದು. ನಮ್ಮಲ್ಲಿ ಹೀಗೆ ಒಂದು ಬೊಂಡ ಬಿದ್ದರೂ ಅಪ್ಪ ದಿನವಿಡೀ ಗೊಣಗುತ್ತಾರೆ. ಇಲ್ಲಿ ಗದ್ದೆಯಿಲ್ಲ, ತೆಂಗೇ ಮುಖ್ಯ ಬೆಳೆ. ನೋಡಿ ನೋಡಿ ನನ್ನ ಹೊಟ್ಟೆ ಉರಿಯಿತು.

ಇಲಿ ಹತ್ತದಂತೆ ಮರದ ಬುಡಕ್ಕೆ ತಗಡು ಸುತ್ತಬಾರದೇ ಎಂದು ತೋಟದ ಹಿರಿಯರನ್ನು ಕೇಳಿದೆ. ಅವರು ಮಾತನಾಡದೆ ಮೇಲೆ ಕೈ ತೋರಿಸಿದರು. ಈಗ ಕ್ಯಾಮೆರಾ ಎತ್ತುತ್ತೇನೆ, ನೋಡಿ. ಒಂದು ಮರದ ಮಡಲು ಇನ್ನೊಂದರ ಮಡಲಿಗೆ ಹೆಣೆದುಕೊಂಡಿದೆ. ಗೂಡು, ಮರಿ, ಊಟ, ಓಡಾಟ ಎಲ್ಲವೂ ಮೇಲೆಯೇ. ನೆಲಕ್ಕಿಳಿಯದ ಇಲಿಗೆ ಬುಡದ ತಗಡು ಏನು ಮಾಡೀತು?

ಹಾಗಾದರೆ ನಡುನಡುವೆ ಮರ ಕಡಿದು ಅಂತರ ಕೊಡಲಿ ಎಂದುಕೊಂಡೆ. ತೆಂಗಿಗೆ 7.5 ಮೀಟರ್ ಅಂತರ ಎಂಬ ಪಾಠ ನನಗೆ ಬಾಯಿಪಾಠ. ಆದರೆ ಲಕ್ಷದ್ವೀಪದ 36 ದ್ವೀಪಗಳ ನೆಲ ಒಟ್ಟು ಸೇರಿದರೂ ಸುಮಾರು 32 ಚದರ ಕಿಲೋಮೀಟರ್. ಅಂಗೈಯಗಲದ ತೋಟದವರಿಗೆ ಫಲ ಬಿಡುವ ಮರ ಕಡಿಯಿರಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಆ ಅಭಿಪ್ರಾಯವನ್ನು ಅಲ್ಲೇ ಬಿಟ್ಟೆ.

ವಿಷವೂ ಬೇಡ. ಐದು ಮರಗಳಿಗೊಂದರಂತೆ ತುದಿಯಲ್ಲಿ ವಿಷದ ಬಿಲ್ಲೆ ಇಡಿ, 12 ದಿನ ಬಿಟ್ಟು ಮತ್ತೊಮ್ಮೆ ಇಡಿ ಎಂಬ ಸಲಹೆ ನಮ್ಮ ಕಡೆ ಇದೆ. ಇಲ್ಲಿ ಕಾಲಡಿಯಲ್ಲಿರುವುದು ಹವಳದ ಹೊಯಿಗೆ, ಅದರಡಿ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರ. ಸುರಿದದ್ದೆಲ್ಲ ನೇರ ಕುಡಿಯುವ ನೀರಿಗೇ ಇಳಿಯುತ್ತದೆ. ಇಡೀ ಲಕ್ಷದ್ವೀಪವನ್ನು ಸಾವಯವ ಪ್ರದೇಶವೆಂದು ಘೋಷಿಸಿದ್ದು ಸರಿಯೇ ಸರಿ.

ಇದೇ ಕವರತ್ತಿಗೆ ಮುಖ್ಯ ಭೂಭಾಗದಿಂದ ಗೂಬೆಗಳನ್ನು ತಂದು ಇಲಿ ಹಿಡಿಸುವ ಪ್ರಯೋಗವೂ ನಡೆದಿದೆ. ಮನೆಯ ಮೇಲೆ ಗೂಬೆ ಕೂತರೆ ಅಪಶಕುನವೆಂದು ನನ್ನಜ್ಜಿ ಮನೆಯನ್ನೇ ತೊಳೆಸುತ್ತಿದ್ದರು. ನನಗೆ ಆ ಹಕ್ಕಿಯ ಮೇಲೆ ಈಗ ಪ್ರೀತಿ ಬಂದಿದೆ. ವಿಷ ತಿಂದ ಇಲಿಯನ್ನು ತಿಂದರೆ ಗೂಬೆಯೂ ಸಾಯುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಮೊದಲು ಗೂಬೆಯೊಂದೇ ಸಾಕು ಎಂದುಕೊಂಡಿದ್ದೆ. ಇಷ್ಟು ದಟ್ಟ ತೋಪು ನೋಡಿದ ಮೇಲೆ ಹಾಗೆ ಹೇಳಲಾರೆ. ಒಣ ಮಡಲು, ಹಳೆಯ ಗೊನೆ ತೆಗೆದು ಮರದ ತುದಿ ಸ್ವಚ್ಛ ಮಾಡಬೇಕು, ಅದೂ ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ. ಒಬ್ಬರೇ ಮಾಡಿದರೆ ಇಲಿ ಪಕ್ಕದ ಮರಕ್ಕೆ ದಾಟಿ ಮತ್ತೆ ಬರುತ್ತದೆ. ರೈತರಿಗೆ ನೆರವು ಕೊಡುವುದಾದರೆ ಮರ ಹತ್ತುವವರ ಕೂಲಿಯಿಂದ ಶುರುವಾಗಲಿ.

ಅಂದ ಹಾಗೆ, ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಾಳೆ ಕಡಮತ್‌ಗೆ ಹೋಗುವಾಗ ಅದರ ಬಗ್ಗೆ...

ತಡೆಯಿರಿ, ಮರ ಹತ್ತಿದವರು ಇಳಿಯುತ್ತಿದ್ದಾರೆ. ಕೈಯಲ್ಲಿರುವುದು ಇಲಿಗೂಡು. ಪೂರ್ತಿ ತೆಂಗಿನ ನಾರಿನದೇ. ಹತ್ತಿರ ಹಿಡಿಯಿರಿ, ಒಳಗೆ ಮರಿಗಳಿವೆ, ನಾಲ್ಕು.