ಮೊದಲು ಗಬ್ಬ ನೋಡಿಸಿ, ಆಮೇಲೆ ಸೂಜಿ

ರೈತ ಬಾಂಧವರೇ, ಹೈನು ಮಾಡುವ ಅಕ್ಕ-ತಂಗಿಯರೇ, ನಮಸ್ಕಾರ.

"ಡಾಕ್ಟರೇ, ಎಮ್ಮಿ ಬೆದೆಗೆ ಬರವಲ್ದು, ಒಂದು ಸೂಜಿ ಮಾಡಿಬಿಡ್ರಿ." ನಮ್ಮ ಬಾಗಲಕೋಟೆ ಕಡೆ ನಾನು ದಿನಾ ಕೇಳುವ ಮಾತಿದು. ಬೆದೆಗೆ ತರುವ ಸೂಜಿ ಇದೆ, ಒಳ್ಳೆಯ ಔಷಧಿಯೇ. ಆದರೆ ಕೈ ಹಾಕಿ ಗಬ್ಬ ನೋಡದೆ ಆ ಸೂಜಿ ಬೇಡ. ಇವತ್ತು ನಾನು ಹೇಳೋದು ಇದೊಂದೇ.

ಬೆದೆ ಮುಗಿದ ಮೇಲೆ ಅಂಡಾಶಯದಲ್ಲಿ ಒಂದು ಗಂಟು ಬೆಳೆಯುತ್ತದೆ. ಗಬ್ಬ ನಿಲ್ಲದಿದ್ದರೆ ಅದು ತಾನೇ ಕರಗಿ, 21 ದಿನಕ್ಕೆ ಮತ್ತೆ ಬೆದೆ. ಗಬ್ಬ ನಿಂತರೆ ಅದೇ ಗಂಟು ಹೊಟ್ಟೆಯೊಳಗಿನ ಕರುವನ್ನು ಕಾಯುತ್ತದೆ. ಬೆದೆಗೆ ತರುವ ಈ ಪ್ರೊಸ್ಟಗ್ಲಾಂಡಿನ್ ಸೂಜಿಯ ಕೆಲಸ ಆ ಗಂಟನ್ನು ಕರಗಿಸುವುದು. ಖಾಲಿ ಎಮ್ಮೆಯಾದರೆ 2ರಿಂದ 5 ದಿನದಲ್ಲಿ ಬೆದೆ. ಗಬ್ಬದ ಎಮ್ಮೆಯಾದರೆ ಕಂದು ಹಾಕುತ್ತದೆ, ಅಂದರೆ ಗರ್ಭಪಾತ.

ಒಮ್ಮೆ ಶಿವರಾತ್ರಿ ಹೊತ್ತಿಗೆ ಮುಧೋಳ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಯಜಮಾನರು ಸೂಜಿಯ ಸೀಸೆ ತಾವೇ ತಂದು ಅಂಗಿ ಕಿಸೆಯಲ್ಲಿ ಇಟ್ಟುಕೊಂಡಿದ್ದರು. "ನೋಡೋದೇನೈತ್ರಿ, ಬೆದೆಗೇ ಬಂದಿಲ್ಲ, ಮಾಡಿಬಿಡ್ರಿ" ಅಂದರು. ನಾನು ಬಿಡಲಿಲ್ಲ. ಕೈಗವಸು ಹಾಕಿ ಒಳಗೆ ಕೈ ಇಟ್ಟೆ. ಗರ್ಭಕೋಶದಲ್ಲಿ ಬಾರಿಹಣ್ಣಿನಂಥ ಗಡ್ಡೆಗಳು ಬೆರಳಿಗೆ ಸಿಕ್ಕವು. ಗರ್ಭಕೋಶದ ರಕ್ತನಾಳ ಝುಮುಝುಮು ಅನ್ನುತ್ತಿತ್ತು. ನಾಲ್ಕು ತಿಂಗಳ ಗಬ್ಬ! ಹೇಳಿದರೆ ಅವರು ನಂಬಲೇ ಇಲ್ಲ. ಬಾಗಿಲಲ್ಲಿ ಕೂತಿದ್ದ ಅವರ ತಾಯಿ, "ಶೀಗಿ ಹುಣ್ಣಿವಿ ಮುಂದ ಬಾಜೂ ಮನಿ ಕೋಣ ಹಗ್ಗ ಹರಕೊಂಡು ಬಂದಿತ್ತಲ್ಲೋ" ಅಂದರು. ಯಜಮಾನರು ಮಾತಿಲ್ಲದೆ ಸೀಸೆಯನ್ನು ಮತ್ತೆ ಕಿಸೆಗೆ ಇಳಿಸಿದರು. ಶ್ರಾವಣದಲ್ಲಿ ಎಮ್ಮೆ ಈಯಿತು, ಹೆಣ್ಣು ಕರು. ಆ ಕರುವನ್ನು ನಾನೇ ಹೋಗಿ ನೋಡಿ ಬಂದೆ.

ನೋಡಿ, ಐದೇ ನಿಮಿಷದ ಕೆಲಸ. ಅಷ್ಟಕ್ಕೂ ಅವಸರ ಯಾಕೆ?

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಎಮ್ಮೆಯದು ಮೂಕ ಬೆದೆ, ಅಂದರೆ ಕೂಗದೆ ಬರುವ ಬೆದೆ; ಬೇಸಿಗೆಯಲ್ಲಂತೂ ಅದು ಜಾಸ್ತಿ. ರಾತ್ರಿ ಮಲಗುವ ಮುಂಚೆ, ಬೆಳಗಿನ ಜಾವ ಒಮ್ಮೆ ಬಾಲದ ಕೆಳಗೆ ನೋಡಿ, ಕನ್ನಡಿಯಂಥ ಲೋಳೆ ಇದೆಯಾ ಅಂತ. ಬರೀ ಕಬ್ಬಿನ ಸೋಗೆ ತಿಂದು ಸೊರಗಿದ ಎಮ್ಮೆಯಲ್ಲಿ ಗಂಟೇ ಇರುವುದಿಲ್ಲ, ಈ ಸೂಜಿ ಏನು ಕರಗಿಸಬೇಕು? ಅದಕ್ಕೆ ಮೊದಲು ಹಿಂಡಿ, ಖನಿಜ ಮಿಶ್ರಣ ಕೊಡಿ.

ಬಸುರಿ ಹೆಣ್ಣುಮಕ್ಕಳು ಆ ಸೀಸೆ ಮುಟ್ಟಲೇಬಾರದು, ಔಷಧಿ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಯಾರ ಕೈಗೆ ತಾಗಿದರೂ ಕೂಡಲೇ ಸೋಪು ಹಚ್ಚಿ ತೊಳೆಯಿರಿ.

ಸೆಮನ್ ಹಾಕಿಸಿದ ತಾರೀಖನ್ನು ಇವತ್ತೇ ಕೊಟ್ಟಿಗೆಯ ಗೋಡೆಗೆ ಬರೆದಿಡಿ. ಮೂರು ತಿಂಗಳಿಗೆ ಡಾಕ್ಟರನ್ನು ಕರೆದು ಕೈ ಹಾಕಿಸಿ ನೋಡಿಸಿ. ನಮಸ್ಕಾರ.